ಸಿಂಗಾಪುರಕ್ಕೆ ಬಂದಿದ್ದೀರಾ? ಸೀಕಾ ನಂಬಿ ಕೂರಬೇಡಿ

'ನಮಗೆ ಸೀಕಾ ಇದೆಯಲ್ಲ, ಕೆಲಸದ ಪಾಸ್ ಸಿಗೋದು ಸುಲಭ ಅಲ್ವಾ?' ಹೊಸಬರು ಕೇಳುವ ಮೊದಲ ಪ್ರಶ್ನೆ ಇದೇ. ಇಲ್ಲಿನ ಕೆಲವರು ಅದನ್ನೇ ಸಿಟ್ಟಿನಿಂದ ಹೇಳುತ್ತಾರೆ: ಸೀಕಾದಿಂದಲೇ ಭಾರತೀಯರು ಬಂದು ತುಂಬಿಕೊಂಡರು ಅಂತ. ಎರಡೂ ತಪ್ಪು.

ಸೀಕಾ ಅನ್ನೋದು 2005ರ ಜೂನ್‌ನಲ್ಲಿ ಭಾರತ ಮತ್ತು ಸಿಂಗಾಪುರ ಸಹಿ ಹಾಕಿದ ಆರ್ಥಿಕ ಒಪ್ಪಂದ. ಅದೇ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಸುಂಕ, ಹೂಡಿಕೆ, ಸೇವೆಗಳ ವಿಚಾರವೇ ಅದರಲ್ಲಿ ಜಾಸ್ತಿ. ಕಂಪನಿಯೇ ಭಾರತದ ಕಚೇರಿಯಿಂದ ಇಲ್ಲಿಗೆ ವರ್ಗ ಮಾಡಿದ ಮ್ಯಾನೇಜರ್‌ಗಳಿಗೆ, ತಜ್ಞರಿಗೆ ಒಂದಿಷ್ಟು ಅನುಕೂಲ ಇದೆ, ಅಷ್ಟೆ. 2021ರಲ್ಲಿ ಪಾರ್ಲಿಮೆಂಟಿನಲ್ಲಿ ಇದರ ಮೇಲೆ ಬಿಸಿಬಿಸಿ ಚರ್ಚೆಯಾದಾಗ, ಭಾರತೀಯರಿಗೆ ಈ ಒಪ್ಪಂದ ಷರತ್ತಿಲ್ಲದ ಪ್ರವೇಶ ಕೊಡುವುದಿಲ್ಲ ಎಂದು ಸಚಿವರೇ ಬಿಡಿಸಿ ಹೇಳಿದರು.

ಉಳಿದವರ ಹಣೆಬರಹ ನಿರ್ಧಾರವಾಗುವುದು ವಿದೇಶಿ ವೃತ್ತಿಪರರಿಗೆ ಕೊಡುವ ಎಂಪ್ಲಾಯ್‌ಮೆಂಟ್ ಪಾಸ್ ನಿಯಮಗಳಲ್ಲಿ. 2025ರ ಜನವರಿಯಿಂದ ಹೊಸ ಅರ್ಜಿಗೆ ತಿಂಗಳಿಗೆ ಕನಿಷ್ಠ 5,600 ಸಿಂಗಾಪುರ ಡಾಲರ್ ಸಂಬಳ ಬೇಕು. ಹಣಕಾಸು ಕ್ಷೇತ್ರಕ್ಕೆ ಇನ್ನೂ ಹೆಚ್ಚು, ವಯಸ್ಸು ಏರಿದಂತೆ ಮತ್ತೂ ಹೆಚ್ಚು. ಇದರ ಮೇಲೆ 2023ರಲ್ಲಿ ಬಂದ ಕಂಪಾಸ್ ಎಂಬ ಅಂಕ ಪದ್ಧತಿ. ಅದರಲ್ಲಿ 40 ಅಂಕ ಬರಬೇಕು. ನಿಮ್ಮ ಕಂಪನಿಯಲ್ಲಿ ಈಗಾಗಲೇ ನಿಮ್ಮ ದೇಶದವರೇ ತುಂಬಿದ್ದರೆ ಅಂಕ ಕಡಿಮೆಯಾಗುತ್ತದೆ. ಐಟಿಯಲ್ಲಿರುವ ನಮ್ಮವರು ಇದನ್ನು ಸರಿಯಾಗಿ ನೋಡಿಕೊಳ್ಳಬೇಕು. ಆಫರ್ ಒಪ್ಪಿಕೊಳ್ಳುವ ಮುಂಚೆಯೇ ಎಚ್‌ಆರ್‌ನವರನ್ನು ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನು ಇಲ್ಲಿನ ಆಡಳಿತದ ವಿಷಯ. ಇಲ್ಲಿ ರಾಜ್ಯ ಸರ್ಕಾರ ಇಲ್ಲ, ಮಹಾನಗರ ಪಾಲಿಕೆ ಇಲ್ಲ, ಮೇಲ್ಮನೆಯೂ ಇಲ್ಲ. ಇರುವುದೊಂದೇ ಪಾರ್ಲಿಮೆಂಟ್. 2025ರ ಮೇ ಚುನಾವಣೆಯಲ್ಲಿ 97 ಸ್ಥಾನಗಳಲ್ಲಿ 87 ಆಳುವ ಪಕ್ಷ ಪಿಎಪಿಗೆ, 10 ವಿರೋಧ ಪಕ್ಷವಾದ ವರ್ಕರ್ಸ್ ಪಾರ್ಟಿಗೆ ಬಂದವು. ಪ್ರಧಾನಿ ಲಾರೆನ್ಸ್ ವಾಂಗ್. ಅಧ್ಯಕ್ಷ ತರ್ಮನ್ ಷಣ್ಮುಗರತ್ನಂ, 2023ರಲ್ಲಿ ಜನರ ನೇರ ಮತದಿಂದ ಗೆದ್ದವರು. ಆದರೂ ದೇಶ ನಡೆಸುವುದು ಪ್ರಧಾನಿಯ ಸಂಪುಟವೇ.

ಇಲ್ಲಿನ ಎಂಪಿ ಮಾತ್ರ ನಮ್ಮ ಕಲ್ಪನೆಯ ಎಂಪಿ ಅಲ್ಲ. ಎಚ್‌ಡಿಬಿ (ಸರ್ಕಾರಿ ವಸತಿ) ಬ್ಲಾಕಿನ ಲಿಫ್ಟು, ಕಾರಿಡಾರ್ ದೀಪ, ಕೆಳಗಿನ ಕಸದ ತೊಟ್ಟಿ ನೋಡಿಕೊಳ್ಳುವ ಟೌನ್ ಕೌನ್ಸಿಲ್ ನಡೆಯುವುದು ಅವರ ಕೈಯಲ್ಲೇ. ಎಂಪಿಗಳು ಸಾಮಾನ್ಯವಾಗಿ ವಾರಕ್ಕೊಂದು ಸಂಜೆ ಯಾವುದೋ ಬ್ಲಾಕಿನ ಕೆಳಗೆ ಜನರ ಅಹವಾಲು ಕೇಳಲು ಕೂರುತ್ತಾರೆ. ನಂಬರ್ ತೆಗೆದುಕೊಂಡು, ಕಾಯ್ದು, ಸ್ವಯಂಸೇವಕರಿಗೆ ವಿಷಯ ಹೇಳಿದರೆ ಸಂಬಂಧಪಟ್ಟ ಇಲಾಖೆಗೆ ಪತ್ರ ಹೋಗುತ್ತದೆ. ಶಿಫಾರಸು ಅಂದುಕೊಳ್ಳಬೇಡಿ; ಇಲಾಖೆ ತನ್ನ ನಿಯಮ ನೋಡಿಯೇ ಉತ್ತರಿಸುತ್ತದೆ. ಪಿಆರ್ (ಕಾಯಂ ನಿವಾಸ) ಅರ್ಜಿ ತಿರಸ್ಕಾರವಾದವರು ಇದರ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಸದನದಲ್ಲಿ ಇಂಗ್ಲಿಷ್, ಮಲಯ್, ಮ್ಯಾಂಡರಿನ್, ತಮಿಳು ನಾಲ್ಕರಲ್ಲೂ ಮಾತಾಡಬಹುದು. ನಾಲ್ಕೂ ಅಧಿಕೃತ ಭಾಷೆಗಳು. ಸರ್ಕಾರಿ ಶಾಲೆಯಲ್ಲಿ ಮಾತೃಭಾಷೆ ವಿಷಯವಾಗಿ ತಮಿಳು ಇದೆ. ಹಿಂದಿ, ಬಂಗಾಳಿ, ಪಂಜಾಬಿ, ಗುಜರಾತಿ, ಉರ್ದು ಕೂಡ ತೆಗೆದುಕೊಳ್ಳಬಹುದು. ಕನ್ನಡ ಇಲ್ಲ. ಹಾಗಾಗಿ ನಮ್ಮ ಮಕ್ಕಳು ಸಾಮಾನ್ಯವಾಗಿ ಹಿಂದಿಯನ್ನೋ ತಮಿಳನ್ನೋ ಓದುತ್ತಾರೆ. ಕನ್ನಡ ಮನೆಯಲ್ಲೇ ಆಗಬೇಕು, ಅಥವಾ ವಾರಾಂತ್ಯದ ತರಗತಿಯಲ್ಲಿ.

ಒಂದು ಎಚ್ಚರಿಕೆ. ಊರಿನ ರಾಜಕೀಯದ ಬಿಸಿಯಲ್ಲಿ ನಾಲ್ಕು ಜನ ಸೇರಿ ಪ್ಲಕಾರ್ಡ್ ಹಿಡಿಯೋಣ ಅನ್ನಬೇಡಿ. ಅನುಮತಿಯಿಲ್ಲದ ಸಭೆ ಅಪರಾಧ. ಹಾಂಗ್ ಲಿಮ್ ಪಾರ್ಕಿನ ಸ್ಪೀಕರ್ಸ್ ಕಾರ್ನರ್‌ನಲ್ಲಿ ಪ್ರತಿಭಟನೆಗೆ ಸೇರಲು ನೀವು ಪ್ರಜೆಯೋ ಪಿಆರೋ ಆಗಿರಬೇಕು. ಇಲ್ಲಿನ ಚುನಾವಣಾ ಪ್ರಚಾರದಲ್ಲೂ ವಿದೇಶಿಯರು ಕೈಹಾಕುವಂತಿಲ್ಲ. ಸುಳ್ಳು ಸುದ್ದಿಗೆ 2019ರಿಂದ ಪೊಫ್ಮಾ ಎಂಬ ಕಾಯ್ದೆ ಇದೆ, ಸುಮ್ನೆ ಫಾರ್ವರ್ಡ್ ಮಾಡುವ ಮುಂಚೆ ನೆನಪಿರಲಿ.

ಒಪ್ಪಂದಗಳಲ್ಲಿ ಸಂಬಳದಾರರಿಗೆ ನಿಜಕ್ಕೂ ಉಪಯೋಗಕ್ಕೆ ಬರುವುದು 1994ರ ತೆರಿಗೆ ಒಪ್ಪಂದ. ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ಮಾಡಿಕೊಂಡದ್ದು. ಊರಿನಲ್ಲಿ ಎಫ್‌ಡಿ ಬಡ್ಡಿ ಬರುತ್ತಿದ್ದರೆ, ಇಲ್ಲಿನ ತೆರಿಗೆ ಇಲಾಖೆಯಿಂದ ರೆಸಿಡೆನ್ಸಿ ಪ್ರಮಾಣಪತ್ರ ತೆಗೆದು ಅಲ್ಲಿನ ಬ್ಯಾಂಕಿಗೆ ಕೊಡಿ. ಇನ್ನು ಊರಿಗೆ ಹಣ ಕಳಿಸಲು, 2023ರ ಫೆಬ್ರವರಿಯಿಂದ ಇಲ್ಲಿನ ಹಣ ವರ್ಗಾವಣೆ ವ್ಯವಸ್ಥೆ ಪೇನೌ ಮತ್ತು ನಮ್ಮ ಯುಪಿಐ ಜೋಡಣೆಯಾಗಿದೆ. ದಿನದ ಮಿತಿ ಇದೆ, ಮನೆಖರ್ಚಿಗೆ ಸಾಕು.

ಪಿಆರ್‌ಗೆ ಅರ್ಜಿ ಹಾಕುವ ಮುಂಚೆ, ಗಂಡುಮಗ ಇದ್ದರೆ, ಮನೆಯಲ್ಲಿ ಕೂತು ಮಾತಾಡಿ. ಅಪ್ಪ ಅಥವಾ ಅಮ್ಮನ ಜೊತೆ ಪಿಆರ್ ಪಡೆದ ಹುಡುಗ ಎರಡು ವರ್ಷ ರಾಷ್ಟ್ರೀಯ ಸೇವೆ (ಸೇನೆ, ಪೊಲೀಸ್ ಮುಂತಾದ ಕಡೆ ಕಡ್ಡಾಯ ಸೇವೆ) ಮಾಡಬೇಕು, ಆಮೇಲೂ ವರ್ಷಗಳ ಕಾಲ ಆಗಾಗ ತರಬೇತಿಗೆ ಕರೆ ಬರುತ್ತದೆ. ಸೇವೆ ಮಾಡದೆ ಪಿಆರ್ ಬಿಟ್ಟುಕೊಟ್ಟರೆ, ಮುಂದೆ ಅವನು ಇಲ್ಲಿ ಓದಲು, ಕೆಲಸಕ್ಕೆ ಅರ್ಜಿ ಹಾಕಿದಾಗ ಅದು ಅಡ್ಡ ಬರುತ್ತದೆ. ಮಗನಿಗೆ ಎರಡು ವರ್ಷ ವಯಸ್ಸಿರಲಿ, ಹದಿನೈದಿರಲಿ, ಅರ್ಜಿಯ ಜೊತೆಗೇ ಈ ಲೆಕ್ಕವೂ ಹಾಕಿ.