ಓಟಿಯಲ್ಲಿ ಗ್ಯಾಸ್ ಪೋಲಾಗದಂತೆ ಅರಿವಳಿಕೆ ಕೊಡುವುದು ಹೇಗೆ?

ಕೇಸ್ ಶುರುವಾಗಿ ಹತ್ತು ನಿಮಿಷ ಆದ ಮೇಲೆ ಒಮ್ಮೆ ಗ್ಯಾಸಿನ ಹರಿವು ತೋರಿಸುವ ಫ್ಲೋ ಮೀಟರ್ ಕಡೆ ನೋಡಿ. ಎಷ್ಟಿದೆ? ಉಸಿರಿನ ಮೂಲಕ ಕೊಡುವ ಅರಿವಳಿಕೆ ಔಷಧ ಸೆವೋಫ್ಲುರೇನಿನಲ್ಲಿ ರೋಗಿಯ ಮೈ ಅರಗಿಸಿಕೊಳ್ಳುವುದು ಹೆಚ್ಚೆಂದರೆ ಶೇ 5. ಉಳಿದದ್ದೆಲ್ಲ ಉಸಿರಿನ ಜೊತೆ ಹೊರಬಂದು ಸ್ಕ್ಯಾವೆಂಜಿಂಗ್ ಪೈಪ್ ಹಿಡಿದು ಆಕಾಶ ಸೇರುತ್ತದೆ. ಆ ಪೈಪ್ ಇರುವುದು ಓಟಿಯವರು ಗ್ಯಾಸ್ ಕುಡಿಯದಿರಲಿ ಅಂತ, ಅದೇನೂ ಶುದ್ಧ ಮಾಡುವುದಿಲ್ಲ.

ಲೆಕ್ಕ ಸುಲಭ. ಫ್ರೆಶ್ ಗ್ಯಾಸ್ ಫ್ಲೋ (ಮಷೀನಿನಿಂದ ಹೊಸದಾಗಿ ಬರುವ ಗ್ಯಾಸ್) ನಿಮಿಷಕ್ಕೆ ಎಷ್ಟು ಲೀಟರ್, ಔಷಧ ಬೆರೆಸುವ ಡಯಲ್ ಎಷ್ಟು ಪರ್ಸೆಂಟ್, ಎರಡನ್ನೂ ಗುಣಿಸಿ ಮತ್ತೆ 3ರಿಂದ ಗುಣಿಸಿದರೆ ಗಂಟೆಗೆ ಸುಮಾರು ಎಷ್ಟು ಎಂ.ಎಲ್. ದ್ರವ ಸೆವೋಫ್ಲುರೇನ್ ಖಾಲಿಯಾಗುತ್ತದೆ ಅಂತ ಸಿಗುತ್ತದೆ. 6 ಲೀಟರ್, 2 ಪರ್ಸೆಂಟ್ ಇದ್ದರೆ 36 ಎಂ.ಎಲ್. 1 ಲೀಟರಿಗೆ ಇಳಿಸಿದರೆ 6. ಪರಿಸರ ಅಂದರೆ ಆಕಳಿಸುವ ಆಡಳಿತದವರಿಗೆ ಇದನ್ನೇ ರೂಪಾಯಿಯಲ್ಲಿ ತೋರಿಸಿ.

ಫ್ಲೋ ಇಳಿಸಲು ಸರ್ಕಲ್ ಸರ್ಕ್ಯೂಟ್ (ರೋಗಿ ಬಿಟ್ಟ ಗ್ಯಾಸನ್ನೇ ಸುತ್ತಿಸಿ ಮತ್ತೆ ಕೊಡುವ ಪೈಪುಗಳ ಜೋಡಣೆ), ಕಾರ್ಬನ್ ಡೈಆಕ್ಸೈಡ್ ಹೀರುವ, ಬಣ್ಣ ತಿರುಗದ ಸೋಡಾ ಲೈಮ್, ಆಕ್ಸಿಜನ್ ಮತ್ತು ಗ್ಯಾಸ್ ಮಾನಿಟರ್ ಇರಲೇಬೇಕು. ಸೋಡಾ ಲೈಮ್ ಇಲ್ಲದ ಬೇನ್ ಸರ್ಕ್ಯೂಟಿನಲ್ಲಿ ಈ ಸಾಹಸ ಬೇಡ, ರೋಗಿ ಬಿಟ್ಟ ಕಾರ್ಬನ್ ಡೈಆಕ್ಸೈಡನ್ನೇ ಮತ್ತೆ ಎಳೆದುಕೊಳ್ಳುತ್ತಾನೆ. ಮೊದಲು ಜಾಸ್ತಿ ಫ್ಲೋ ಕೊಡಿ, ಎಂಡ್ ಟೈಡಲ್ (ರೋಗಿ ಬಿಡುವ ಉಸಿರಿನ ಕೊನೆಯಲ್ಲಿರುವ ಔಷಧದ ಪ್ರಮಾಣ) ಬೇಕಾದಷ್ಟು ಬಂದ ಮೇಲೆ ಇಳಿಸಿ. ಆಗ ಡಯಲ್ ಸ್ವಲ್ಪ ಏರಿಸಬೇಕಾಗುತ್ತದೆ, ಹೆದರಬೇಡಿ. ಇಂಟ್ಯುಬೇಟ್ ಮಾಡಲು (ಶ್ವಾಸನಾಳಕ್ಕೆ ಟ್ಯೂಬ್ ಹಾಕಲು) ಮಾಸ್ಕ್ ತೆಗೆದಾಗ ಫ್ಲೋ ನಿಲ್ಲಿಸಿ (ನಾನೇ ಎಷ್ಟೋ ಸಲ ಮರೆತಿದ್ದೇನೆ).

ಸೆವೋಫ್ಲುರೇನಿನಂಥದೇ ಇನ್ನೊಂದು ಔಷಧ ಡೆಸ್‌ಫ್ಲುರೇನ್ ಅಂತೂ ಬಿಟ್ಟುಬಿಡಿ. 100 ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿನ ಸುಮಾರು 2,500 ಪಟ್ಟು ಬಿಸಿ ಹಿಡಿಯುತ್ತದೆ. ಸ್ಕಾಟ್ಲೆಂಡ್ 2023ರಲ್ಲೇ ನಿಲ್ಲಿಸಿತು. ಸ್ಪೈನಲ್ (ಬೆನ್ನಿಗೆ ಕೊಡುವ ಇಂಜೆಕ್ಷನ್) ಅಥವಾ ಬ್ಲಾಕ್ (ನರವನ್ನು ಮರಗಟ್ಟಿಸುವುದು) ಸಾಕಾಗುವ ಕೇಸಿಗೆ ಸುಮ್ನೆ ಜಿಎ (ಪೂರ್ತಿ ಅರಿವಳಿಕೆ) ಯಾಕೆ? ರಕ್ತನಾಳಕ್ಕೆ ಕೊಡುವ ಅರಿವಳಿಕೆ ಪ್ರೊಪೊಫಾಲ್ ಕೊಡುವುದಾದರೆ ಚಿಕ್ಕ ವಯಲ್ ಒಡೆಯಿರಿ, ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ.

ಇನ್ನು ನೈಟ್ರಸ್ (ನೈಟ್ರಸ್ ಆಕ್ಸೈಡ್, ಅರಿವಳಿಕೆಯ ಇನ್ನೊಂದು ಗ್ಯಾಸ್). ಪೈಪ್‌ಲೈನ್ ಇರುವ ಆಸ್ಪತ್ರೆಗಳಲ್ಲಿ ರೋಗಿಗೆ ಹೋಗಿದ್ದಕ್ಕಿಂತ ಸೋರಿದ್ದೇ ಜಾಸ್ತಿ ಇರಬಹುದು, ಹೊರಬಿದ್ದದ್ದು ನೂರು ವರ್ಷಕ್ಕೂ ಮೇಲೆ ಗಾಳಿಯಲ್ಲೇ ಇರುತ್ತದೆ. ಪ್ರೆಶರ್ ಗೇಜ್ ನಂಬಬೇಡಿ. ಅಡುಗೆಮನೆಯ ಗ್ಯಾಸಿನ ಹಾಗೆ ಒಳಗೆ ದ್ರವ ಇರುವ ತನಕ ಮುಳ್ಳು ಇಳಿಯುವುದೇ ಇಲ್ಲ. ಸಿಲಿಂಡರುಗಳನ್ನು ಶನಿವಾರ ಸಂಜೆ ತೂಗಿ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಂದ ಪೈಪ್‌ಲೈನಿಗೆ ಗ್ಯಾಸ್ ಬಿಡುವ ಜಾಗ) ಜೋಡಿಸಿ, ಸೋಮವಾರ ಬೆಳಗ್ಗೆ ಮೊದಲ ಕೇಸಿಗೆ ಮುಂಚೆ ಮತ್ತೆ ತೂಗಿ. ಭಾನುವಾರ ಯಾರೂ ನೈಟ್ರಸ್ ಕೊಟ್ಟಿಲ್ಲ, ಆದರೂ ತೂಕ ಇಳಿದಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅಲ್ವಾ? ಹಳೇ ಪೈಪಿನ ಸೋರಿಕೆ ಹುಡುಕುತ್ತಾ ಕೂರುವ ಬದಲು, ವಿಭಾಗದವರೆಲ್ಲ ಒಪ್ಪಿದರೆ ಮ್ಯಾನಿಫೋಲ್ಡನ್ನೇ ಮುಚ್ಚಿಸಿ. ಬೇಕೆನಿಸಿದವರಿಗೆ ಮಷೀನಿಗೆ ಸಿಕ್ಕಿಸುವ ಚಿಕ್ಕ ನೀಲಿ ಸಿಲಿಂಡರ್ ಸಾಕು, ಕೇಸ್ ಮುಗಿದ ಮೇಲೆ ಅದರ ವಾಲ್ವ್ ಮುಚ್ಚಬೇಕು ಅಷ್ಟೆ.