ಹೊಳೆ ದಂಡೆ, ಜೂಮ್ ಕ್ಯಾಮೆರಾ ಮತ್ತು ಕೂತಲ್ಲಿ ಕೂರದ ಹಕ್ಕಿ

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಬಳಿ ಭಾನುವಾರ ಬೆಳಿಗ್ಗೆ ಏಳಕ್ಕೆ ನಿಂತರೆ ಎರಡು ಬಗೆಯ ಜನ ಸಿಗುತ್ತಾರೆ. ತೋಳುದ್ದದ ಲೆನ್ಸು ಹೊತ್ತು ಬಂದವರು ಕೆಲವರು. ಕುತ್ತಿಗೆಗೆ ಒಂದೇ ಒಂದು ದಪ್ಪ ಕ್ಯಾಮೆರಾ ನೇತುಹಾಕಿಕೊಂಡು, ಮೊದಲಿನವರನ್ನು ಕದ್ದು ನೋಡುತ್ತ ಸ್ವಲ್ಪ ಸಂಕೋಚಪಡುವವರು ಉಳಿದವರು. ನಾನು ಎರಡನೆಯ ಗುಂಪಿನವನು. ಈ ಲೇಖನವೂ ಆ ಗುಂಪಿಗೇ.

ಲೆನ್ಸು ಬಿಚ್ಚಲಾಗದ, ಆದರೆ ಭಾರಿ ಜೂಮ್ ಇರುವ ಈ ಕ್ಯಾಮೆರಾಗಳಿಗೆ ಅಂಗಡಿಯವರು ‘ಬ್ರಿಡ್ಜ್ ಕ್ಯಾಮೆರಾ’ ಅನ್ನುತ್ತಾರೆ. ನಿಕಾನ್ ಕೂಲ್‌ಪಿಕ್ಸ್ ಪಿ900ರಲ್ಲಿ 83 ಪಟ್ಟು ಜೂಮ್, ಅಂದರೆ 2000 ಮಿ.ಮೀ. ಲೆನ್ಸಿಗೆ ಸಮ. ಪಿ1000ರಲ್ಲಿ 125 ಪಟ್ಟು, 3000 ಮಿ.ಮೀ. ಕ್ಯಾನನ್ ಎಸ್‌ಎಕ್ಸ್70ರಲ್ಲಿ 65 ಪಟ್ಟು. ಓದಿದರೆ ಆಚೆ ದಡದ ಹಕ್ಕಿಯ ರೆಪ್ಪೆ ಎಣಿಸಬಹುದು ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಮೊದಲ ಆರು ತಿಂಗಳು ಆಚೆ ದಡದ ಹಕ್ಕಿಗಳನ್ನೇ ತೆಗೆದೆ. ಇವತ್ತಿಗೂ ಕಂಪ್ಯೂಟರಿನಲ್ಲಿ ಆ ಫೋಲ್ಡರ್ ಇದೆ. ಒಂದೊಂದು ಚಿತ್ರವೂ ಜಲವರ್ಣದಲ್ಲಿ ಬಿಡಿಸಿದ ಹಾಗಿದೆ.

ತಪ್ಪು ಕ್ಯಾಮೆರಾದ್ದಲ್ಲ. ಇದರ ಸೆನ್ಸರ್ (ಬೆಳಕು ಹಿಡಿಯುವ ಬಿಲ್ಲೆ) ಕಿರುಬೆರಳಿನ ಉಗುರಿಗಿಂತ ಚಿಕ್ಕದು, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರಿನ ಸುಮಾರು 30ರಲ್ಲಿ ಒಂದು ಪಾಲು. ಅದಕ್ಕೆ ಬೆಳಕು ಹೇರಳವಾಗಿ ಬೇಕು, ಹಕ್ಕಿಗೂ ಕ್ಯಾಮೆರಾಕ್ಕೂ ನಡುವಿನ ಗಾಳಿ ಕಮ್ಮಿ ಇರಬೇಕು. ಜೂಮ್ ಇರುವುದು ದೂರದ ಹಕ್ಕಿಯನ್ನು ಎಳೆದು ತರಲಿಕ್ಕಲ್ಲ. ಹತ್ತಿರದ ಹಕ್ಕಿಯನ್ನು ಓಡಿಸದೆ ಇರಲಿಕ್ಕೆ. ನನಗಿದು ಹೊಳೆಯಲು ಒಂದು ವರ್ಷ ಹಿಡಿಯಿತು.

ಮೊದಲು ದಡ ಆರಿಸಿ

ಇಲ್ಲಿ ಕಾವೇರಿ ಹೆಚ್ಚುಕಡಿಮೆ ಪೂರ್ವಕ್ಕೆ ಹರಿಯುತ್ತಾಳೆ. (ಪಶ್ಚಿಮವಾಹಿನಿಯಲ್ಲಿ ಮಾತ್ರ ತಿರುಗಿಕೊಳ್ಳುತ್ತಾಳೆ, ಅದಕ್ಕೇ ಆ ಹೆಸರು.) ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ದಕ್ಷಿಣದ ದಡದಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಬಿಸಿಲು ನಿಮ್ಮ ಬೆನ್ನಿಗೆ, ಹಕ್ಕಿಯ ಮುಖಕ್ಕೆ. ಎದುರು ದಡದಲ್ಲಿ ನಿಂತವರಿಗೆ ಅದೇ ಹಕ್ಕಿ ಕರಿ ನೆರಳು. ನಿಮ್ಮೂರಿನದು ತುಂಗೆಯೋ ಕಪಿಲೆಯೋ ಆಗಿರಲಿ, ಮನೆ ಬಿಡುವ ಮೊದಲು ಹೊಳೆ ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಫೋನಿನ ನಕ್ಷೆಯಲ್ಲಿ ನೋಡಿಕೊಳ್ಳಿ.

ಕಾಲವೂ ಮುಖ್ಯ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಬಂಡೆಗಳು ಮುಳುಗುತ್ತವೆ, ಹಕ್ಕಿಗೆ ಕೂರಲು ಜಾಗವಿರುವುದಿಲ್ಲ. ಡಿಸೆಂಬರಿನಿಂದ ನೀರು ಇಳಿದು ಬಂಡೆ ಎದ್ದಂತೆಲ್ಲ ಬೆಳ್ಳಕ್ಕಿ, ನೀರುಕಾಗೆ, ಬಾಯ್ಕಳಕ, ಚಮಚದ ಕೊಕ್ಕರೆ, ರೀವ ಎಲ್ಲ ಒಂದೊಂದು ಕಲ್ಲು ಹಿಡಿಯುತ್ತವೆ. ಹೊತ್ತು ಅಂದರೆ ಮಂಜು ಕರಗಿದ ಮೇಲೆ ಒಂಬತ್ತೂವರೆವರೆಗೆ, ಮತ್ತೆ ನಾಲ್ಕರ ನಂತರ. ನಡುಹಗಲಲ್ಲಿ ಕಾದ ಬಂಡೆಯ ಮೇಲೆ ಗಾಳಿ ಕುದಿಯುತ್ತಿರುತ್ತದೆ. ಬರಿಗಣ್ಣಿಗೆ ಅದು ಕಾಣದು, 2000 ಮಿ.ಮೀ.ನಲ್ಲಿ ಹಕ್ಕಿ ನೀರೊಳಗಿದ್ದಂತೆ ಅಲುಗುತ್ತದೆ. ಎಷ್ಟೇ ದುಬಾರಿ ಲೆನ್ಸೂ ಅದನ್ನು ಸರಿಮಾಡದು. ಆ ಹೊತ್ತಿನಲ್ಲಿ ಇಡ್ಲಿ ತಿನ್ನುವುದು ಲೇಸು.

ಕ್ಯಾಮೆರಾದಲ್ಲಿ ಮಾಡಿಡಬೇಕಾದ್ದು

ಇದನ್ನು ಮನೆಯಲ್ಲೇ ಮುಗಿಸಿ. ದಡದಲ್ಲಿ ಮೆನು ಹುಡುಕುತ್ತ ನಿಂತರೆ ಹಕ್ಕಿ ಕಾಯುವುದಿಲ್ಲ.

ಡಿಜಿಟಲ್ ಜೂಮ್ ಆಫ್ ಮಾಡಿ. ಅದು ಚಿತ್ರವನ್ನು ಹಿಗ್ಗಿಸುತ್ತದೆ ಅಷ್ಟೆ, ಆ ಕೆಲಸ ಆಮೇಲೆ ಕಂಪ್ಯೂಟರಿನಲ್ಲೂ ಆಗುತ್ತದೆ. ಡಯಲನ್ನು ನಿಕಾನ್‌ನಲ್ಲಿ ‘ಎಸ್’ಗೆ, ಕ್ಯಾನನ್‌ನಲ್ಲಿ ‘ಟಿವಿ’ಗೆ ತಿರುಗಿಸಿ, ಶಟರ್ ವೇಗ ಆಗ ನಿಮ್ಮ ಕೈಯಲ್ಲಿರುತ್ತದೆ. ಕೂತ ಹಕ್ಕಿಗೆ 1/500 ಸೆಕೆಂಡಿನಿಂದ ಶುರುಮಾಡಿ, ಹಾರುವುದಕ್ಕೆ 1/1600 ಅಥವಾ ಇನ್ನೂ ಹೆಚ್ಚು. ಕೈನಡುಕ ತಡೆಯುವ ವ್ಯವಸ್ಥೆ ಚೆನ್ನಾಗಿದ್ದರೆ ಕೂತ ಹಕ್ಕಿ 1/200ಕ್ಕೂ ಬಂದೀತು. ಆದರೆ ಆ ವ್ಯವಸ್ಥೆ ತಡೆಯುವುದು ನಿಮ್ಮ ಕೈನಡುಕವನ್ನು, ಹಕ್ಕಿ ಕತ್ತು ಹೊರಳಿಸುವುದನ್ನಲ್ಲ. ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) ಆಟೊ ಇರಲಿ, ಮೇಲಿನ ಮಿತಿ 400ಕ್ಕೆ ಕಟ್ಟಿ, ಮೋಡವಿದ್ದರೆ 800. ಅದಕ್ಕೂ ಮೇಲೆ ಹೋದರೆ ಪುಕ್ಕದ ಜಾಗದಲ್ಲಿ ರವೆ ಚೆಲ್ಲಿದಂತೆ ಕಾಳು ಕಾಳು.

ಫೋಕಸ್ ಚೌಕವನ್ನು ಅತಿ ಚಿಕ್ಕದಾಗಿ ಮಾಡಿ ನಟ್ಟನಡುವೆ ಇಡಿ. ಎಲ್ಲವನ್ನೂ ಕ್ಯಾಮೆರಾಕ್ಕೆ ಬಿಟ್ಟರೆ ಅದು ಹಕ್ಕಿ ಬಿಟ್ಟು ಮುಂದಿನ ಜೊಂಡನ್ನು ಹಿಡಿಯುತ್ತದೆ.

ಹಕ್ಕಿ ಕ್ಯಾಮೆರಾದೊಳಗೆ ಸಿಗುತ್ತಿಲ್ಲವೆ?

ಹೊಸಬರೆಲ್ಲರ ದೂರು ಇದು. ಕಣ್ಣಿಗೆ ಹಕ್ಕಿ ಕಾಣುತ್ತದೆ, ಪೂರ್ತಿ ಜೂಮ್ ಮಾಡಿ ನೋಡಿದರೆ ಬರೀ ಎಲೆ, ಬರೀ ನೀರು. ಅಷ್ಟು ಜೂಮಿನಲ್ಲಿ ಕ್ಯಾಮೆರಾ ನೋಡುವುದು ಸೂಜಿಕಣ್ಣಿನಷ್ಟು ಜಾಗ.

ಜೂಮ್ ಹಿಂದಕ್ಕೆ ತಂದು ಶುರುಮಾಡಿ. ಹಕ್ಕಿಯ ಪಕ್ಕದಲ್ಲಿ ಒಂದು ಗುರುತು ಹಿಡಿಯಿರಿ: ಬಿಳಿ ಬಂಡೆ, ಮುರಿದ ಕೊಂಬೆ, ಸಿಕ್ಕಿಕೊಂಡ ಪ್ಲಾಸ್ಟಿಕ್ ಕವರ್ (ನಮ್ಮ ಹೊಳೆಗಳಲ್ಲಿ ಇದಕ್ಕೆ ಬರವಿಲ್ಲ). ಅದನ್ನು ನಡುವೆ ಇಟ್ಟುಕೊಂಡೇ ನಿಧಾನಕ್ಕೆ ಜೂಮ್ ಮಾಡಿ, ಪ್ರತಿ ಹಂತದಲ್ಲೂ ಚಿತ್ರ ತೆಗೆಯುವ ಗುಂಡಿಯನ್ನು ಅರ್ಧ ಮಾತ್ರ ಒತ್ತಿ ಫೋಕಸ್ ಹಿಡಿಯುತ್ತ ಬನ್ನಿ. ತಪ್ಪಿದರೆ, ಲೆನ್ಸಿನ ಪಕ್ಕದಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿ ಹಿಡಿದರೆ ನೋಟ ಥಟ್ಟನೆ ಅಗಲವಾಗುತ್ತದೆ, ಬಿಟ್ಟರೆ ಮೊದಲಿನ ಜೂಮಿಗೆ ಮರಳುತ್ತದೆ. ಪಿ900ರಲ್ಲೂ ಕ್ಯಾನನ್ ಎಸ್‌ಎಕ್ಸ್ ಸಾಲಿನಲ್ಲೂ ಇದೆ. ವರ್ಷಗಟ್ಟಲೆ ಕ್ಯಾಮೆರಾ ಇಟ್ಟುಕೊಂಡವರಿಗೂ ಆ ಗುಂಡಿ ಯಾಕಿದೆ ಅಂತ ಗೊತ್ತಿರುವುದಿಲ್ಲ.

ಅಭ್ಯಾಸಕ್ಕೆ ಹೊಳೆಯೇ ಬೇಕಿಲ್ಲ. ಪಕ್ಕದ ಮನೆ ನೀರಿನ ಟ್ಯಾಂಕಿನ ಮೇಲೆ ಕೂರುವ ಕಾಗೆ ಸಾಕು. ಒಂದು ವಾರ, ದಿನಕ್ಕೆ ಹತ್ತು ನಿಮಿಷ. ಕಾಗೆಯ ಕಣ್ಣು ಕಪ್ಪಿನೊಳಗೆ ಕಪ್ಪು. ಅದರಲ್ಲಿ ಬೆಳಕಿನ ಚುಕ್ಕಿ ಕಾಣುವಂತೆ ತೆಗೆದರೆ ಮಿಕ್ಕ ಹಕ್ಕಿಗಳು ಸಲೀಸು.

ನಡುಗದ ಕೈ, ಮೊಳೆತ ರಾಗಿ

ಪರದೆ ನೋಡುತ್ತ ಕೈ ಚಾಚಿ ತೆಗೆಯಬೇಡಿ. ಕ್ಯಾಮೆರಾದ ಹಿಂಬದಿಯ ನೋಡುವ ಕಿಂಡಿಗೆ ಕಣ್ಣಿಟ್ಟು, ಮೊಣಕೈ ಪಕ್ಕೆಗೆ ಒತ್ತಿ, ಎಡಗೈಯಿಂದ ಲೆನ್ಸನ್ನು ಕೆಳಗಿನಿಂದ ಆತುಕೊಳ್ಳಿ. ಮರವಿದ್ದರೆ ಒರಗಿ, ಕಟ್ಟೆಯಿದ್ದರೆ ಕೂರಿ. ಟ್ರೈಪಾಡ್ ಹೊತ್ತು ನಡೆಯುವುದು ನನಗೆ ಸರಿಬರಲಿಲ್ಲ. ಹೊತ್ತರೆ, ಕ್ಯಾಮೆರಾ ಅದರ ಮೇಲಿದ್ದಾಗ ಕೈನಡುಕ ತಡೆಯುವ ವ್ಯವಸ್ಥೆ ಆಫ್ ಮಾಡಿ.

ನನ್ನದು ಚೀಲದ ಪದ್ಧತಿ. ಹಳೆಯ ಜೀನ್ಸಿನ ಕಾಲು ಕತ್ತರಿಸಿ, ಒಂದು ತುದಿ ಹೊಲಿದು, ಎರಡು ಸೇರು ರಾಗಿ ತುಂಬಿ, ಇನ್ನೊಂದು ತುದಿಯನ್ನೂ ಹೊಲಿದರೆ ಆಯಿತು. ಬಂಡೆಯ ಮೇಲೋ ಕಟ್ಟೆಯ ಮೇಲೋ ಇಟ್ಟು ಕ್ಯಾಮೆರಾ ಅದುಮಿದರೆ ಕೂಸು ತೊಟ್ಟಿಲಲ್ಲಿ ಮಲಗಿದಂತೆ ಕೂರುತ್ತದೆ. ಒಂದು ಸಲ ಚೀಲ ದಡದ ಕೆಸರಲ್ಲಿ ನೆನೆದದ್ದನ್ನು ಹಾಗೇ ಮೂಲೆಗೆ ಎಸೆದಿದ್ದೆ. ನಾಲ್ಕು ದಿನದ ಮೇಲೆ ನೋಡಿದರೆ ಹೊಲಿಗೆ ಸಂದಿಯಲ್ಲೆಲ್ಲ ಬಿಳಿ ಮೊಳಕೆ. ‘ಹುರಿಹಿಟ್ಟು ಮಾಡ್ಲಾ?’ ಅಂದಳು ನನ್ನ ಹೆಂಡತಿ. ಈಗ ರಾಗಿಗೆ ಒಳಗೊಂದು ಪ್ಲಾಸ್ಟಿಕ್ ಕವರ್ ಇದೆ.

ಹತ್ತಿರ ಹೋಗುವುದಲ್ಲ, ಬರಲು ಬಿಡುವುದು

ಕಪ್ಪುಬಿಳಿ ಮಿಂಚುಳ್ಳಿಯ ಹಿಂದೆ ನಾನು ಮೂರು ಭಾನುವಾರ ಓಡಿದ್ದೆ. ನಾನು ನಾಲ್ಕು ಹೆಜ್ಜೆ ಇಟ್ಟರೆ ಅದು ನಲವತ್ತು ಮಾರು ಹಾರುತ್ತಿತ್ತು. ಹರಿಗೋಲು ಒಣಗಿಸುತ್ತ ಕೂತಿದ್ದ ಒಬ್ಬ ಹಿರಿಯರು ನೋಡಿ ನೋಡಿ ಸಾಕಾಗಿ ಕರೆದರು.

‘ಅದ್ರ ಹಿಂದ್ಗಡೆ ಯಾಕ್ ಓಡಾಡ್ತೀರಿ ಸಾ? ಆ ಬಿದ್ರು ಗಳ ಅದಲ್ಲ, ಅದ್ರ್ ಮ್ಯಾಲೆ ಬತ್ತದೆ. ದಿನಾ ಅದೇ ಜಾಗ. ಸುಮ್ಕೆ ಕುಂತ್ಕಳಿ.’

‘ಎಷ್ಟೊತ್ತಿಗೆ ಬರುತ್ತೆ ಯಜಮಾನ್ರೆ?’

‘ಮೀನ್ ಸಿಕ್ದಾಗ.’

ಬಲೆ ಕಟ್ಟಲು ನೆಟ್ಟಿದ್ದ ಗಳದಿಂದ ಇಪ್ಪತ್ತು ಮಾರು ದೂರದಲ್ಲಿ ಹೊಂಗೆ ಮರದ ನೆರಳಿನಲ್ಲಿ ಕೂತೆ. ಗಳದ ತುದಿಗೆ ಮೊದಲೇ ಫೋಕಸ್ ಮಾಡಿ ನೋಡಿಕೊಂಡೆ. ಮುಕ್ಕಾಲು ಗಂಟೆಯಾದ ಮೇಲೆ ಚಿಕ್ ಚಿಕ್ ಎನ್ನುತ್ತ ಬಂತು. ಗಳದ ಮೇಲೆ ಕೂರಲಿಲ್ಲ; ಅದರಾಚೆ ನೀರಿನ ಮೇಲೆ ಎರಡಾಳೆತ್ತರದಲ್ಲಿ ನಿಂತಿತು. ರೆಕ್ಕೆ ಕಣ್ಣಿಗೆ ಕಾಣದಷ್ಟು ಬಡಿದುಕೊಳ್ಳುತ್ತಿದೆ, ಮೈಯೆಲ್ಲ ಅಲುಗುತ್ತಿದೆ, ಕೊಕ್ಕು ಕೆಳಮುಖ, ತಲೆ ಮಾತ್ರ ಗೋಡೆಗೆ ಮೊಳೆ ಹೊಡೆದಂತೆ ಸ್ಥಿರ. ಕಲ್ಲಿನಂತೆ ಬಿತ್ತು. ಎದ್ದು ಬಂದು ಗಳದ ಮೇಲೆ ಕೂತು, ಬಾಯಲ್ಲಿದ್ದ ಬೆರಳುದ್ದದ ಮೀನನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಿದಿರಿಗೆ ಬಡಿಯಿತು. ಆ ಹೊತ್ತಿಗೆ ನನ್ನ ಜೂಮ್ ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು. ಎದೆಯ ಮೇಲಿನ ಎರಡು ಕಪ್ಪು ಪಟ್ಟಿ ಬಿಡಿಬಿಡಿಯಾಗಿ ಬಂದವು. ಎರಡು ಪಟ್ಟಿಯಿದ್ದರೆ ಗಂಡು. ಹೆಣ್ಣಿಗೆ ಒಂದೇ, ಅದೂ ನಡುವೆ ತುಂಡಾಗಿರುತ್ತದೆ.

ಇಂಥ ಖಾಯಂ ಜಾಗ ಹೊಳೆಯ ಬಹಳಷ್ಟು ಹಕ್ಕಿಗಳಿಗೆ ಇರುತ್ತದೆ. ಕಲ್ಲಿನ ಮೇಲೆ ಬಿಳಿ ಹಿಕ್ಕೆ ಸುರಿದಿದ್ದರೆ ಅದು ನೀರುಕಾಗೆ ರೆಕ್ಕೆ ಒಣಗಿಸುವ ಕಟ್ಟೆ ಇರಬಹುದು. ಕುಂಡೆಕುಸ್ಕ ದಡದ ಒಂದೇ ಅಂಚಿನಲ್ಲಿ ಬಾಲ ಕುಣಿಸುತ್ತ ಹೋಗಿ ಮತ್ತೆ ಅಲ್ಲಿಗೇ ಮರಳುತ್ತದೆ. ಜಾಗ ಗೊತ್ತಾದ ಮೇಲೆ ನೀವು ಮೊದಲೇ ಹೋಗಿ ಕೂತಿರಿ. ಮಾಸಲು ಬಣ್ಣದ ಅಂಗಿ, ಜೇಬಿನಲ್ಲಿ ಸದ್ದಡಗಿದ ಫೋನು. ನಡೆಯಲೇಬೇಕಾದರೆ ಹಕ್ಕಿಯತ್ತ ನೇರ ಹೆಜ್ಜೆ ಹಾಕದೆ ಓರೆಯಾಗಿ, ಬೇರೆಲ್ಲೋ ಹೋಗುವವರಂತೆ ಹೋಗಿ. ಕೊಕ್ಕರೆ ಕತ್ತು ನೀಳ ಮಾಡಿತೆಂದರೆ ಅಲ್ಲೇ ನಿಲ್ಲಿ.

ಹಾರುವುದನ್ನು ಹಿಡಿಯಬೇಕೆಂದರೆ ಗಾಳಿ ನೋಡಿ. ಹಕ್ಕಿ ಗಾಳಿಗೆ ಎದುರಾಗಿ ಏಳುತ್ತದೆ, ಮಿಂಚುಳ್ಳಿ ನಿಲ್ಲುವುದೂ ಗಾಳಿಗೆ ಮುಖ ಮಾಡಿ. ಹಾಗಾಗಿ ಬಿಸಿಲಿನ ಜೊತೆ ಗಾಳಿಯೂ ನಿಮ್ಮ ಬೆನ್ನಿಗಿದ್ದರೆ ಹಕ್ಕಿಯ ಮುಖ ನಿಮ್ಮ ಕಡೆ. ದೊಡ್ಡ ಹಕ್ಕಿಗಳು ಹಾರುವ ಮುಂಚೆ ಎಷ್ಟೋ ಸಲ ಹಿಕ್ಕೆ ಹಾಕಿ ಹಗುರಾಗುತ್ತವೆ. ಅದನ್ನು ಕಂಡ ಕೂಡಲೇ ಬೆರಳು ಸಿದ್ಧವಿರಲಿ. ಪಿ900ರಂಥ ಕ್ಯಾಮೆರಾ ಒಂದೇ ಉಸಿರಿಗೆ ಏಳು ಚಿತ್ರ ತೆಗೆದು ಆಮೇಲೆ ಕೆಲ ಸೆಕೆಂಡು ಮಂಕಾಗುತ್ತದೆ. ಹಕ್ಕಿ ಕುಳಿತಿರುವಾಗಲೇ ಏಳನ್ನೂ ಸುಟ್ಟರೆ ರೆಕ್ಕೆ ಬಿಚ್ಚುವ ಗಳಿಗೆಯಲ್ಲಿ ಕೈ ಖಾಲಿ. ಸೇತುವೆ, ಮೋರಿಗಳ ಕೆಳಗೆ ಮಣ್ಣುಂಡೆ ಅಂಟಿಸಿ ಗೂಡು ಕಟ್ಟುವ ಅಂಬರಗುಬ್ಬಿಗಳ ಹಾರಾಟವನ್ನು ಈ ಕ್ಯಾಮೆರಾದಲ್ಲಿ ಹಿಡಿಯುವ ಆಸೆ ನಾನಂತೂ ಬಿಟ್ಟಿದ್ದೇನೆ.

ಬಿಳಿ ಹಕ್ಕಿ, ಕಪ್ಪು ಹಕ್ಕಿ

ಬೆಳ್ಳಕ್ಕಿಯನ್ನು ಸುಮ್ಮನೆ ತೆಗೆದರೆ ಸುಣ್ಣದ ಗೋಡೆಯಾಗುತ್ತದೆ, ಒಂದು ಗರಿಯೂ ಬೇರೆಯಾಗಿ ಕಾಣದು. ‘ಪ್ಲಸ್-ಮೈನಸ್’ ಗುರುತಿರುವ ಗುಂಡಿ ಒತ್ತಿ ಬೆಳಕನ್ನು ಮೈನಸ್ 0.7ಕ್ಕೋ 1ಕ್ಕೋ ಇಳಿಸಿ. ಹೊಳೆಯುವ ನೀರಿನ ಎದುರು ನೀರುಕಾಗೆ ಇದ್ದರೆ ಪ್ಲಸ್‌ಗೆ ಏರಿಸಿ. ಮುಗಿದ ಮೇಲೆ ಸೊನ್ನೆಗೆ ತರುವುದನ್ನು ನಾನು ಈಗಲೂ ಮರೆಯುತ್ತೇನೆ.

ಹೋಗಬಾರದ ಕಡೆ

ಬೇಸಿಗೆಯ ಹೊತ್ತಿಗೆ ಹೊಳೆನಡುವಿನ ಮರಳು, ಬಂಡೆಗಳ ಮೇಲೆ ರೀವ ಮತ್ತು ಟಿಟ್ಟಿಭಗಳು ಬರಿನೆಲದಲ್ಲೇ ಮೊಟ್ಟೆ ಇಡುತ್ತವೆ. ಮೊಟ್ಟೆ ಥೇಟ್ ಬೆಣಚುಕಲ್ಲಿನ ಹಾಗೆ, ತುಳಿದ ಮೇಲೇ ಗೊತ್ತಾಗುವುದು. ತಾಯಿಯನ್ನು ಎಬ್ಬಿಸಿದರೆ ಬಿಸಿಲಿಗೆ ಮೊಟ್ಟೆ ಬೇಯುತ್ತದೆ, ಇಲ್ಲವೇ ಕಾಗೆಯ ಪಾಲು. ತಲೆ ಮೇಲೆ ಕೂಗುತ್ತ ಟಿಟ್ಟಿಭ ಸುತ್ತಿದರೆ ಬಂದ ದಾರಿಯಲ್ಲೇ ಹಿಂದಿರುಗಿ. ಗೂಡಿನ ಜಾಗವನ್ನು ವಾಟ್ಸ್ಆ್ಯಪಿನಲ್ಲಿ ಹಂಚಬೇಡಿ. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ.

ಪಕ್ಕದ ರಂಗನತಿಟ್ಟು 1940ರಿಂದ ಪಕ್ಷಿಧಾಮ. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ ಆದದ್ದು, 2022ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿ ದೋಣಿಯಲ್ಲಿ ಕೂತರೆ ಬಣ್ಣದ ಕೊಕ್ಕರೆ ಜೂಮೇ ಬೇಡವೆನಿಸುವಷ್ಟು ಹತ್ತಿರ ಸಿಗುತ್ತದೆ. ಅಲ್ಲಿ ಬಂಡೆಗಳ ಮೇಲೆ ಬಾಯಿ ತೆರೆದು ಮಲಗುವ ಮೊಸಳೆಗಳಿಗೆ ಧಾಮದ ಗಡಿ ಗೊತ್ತಿಲ್ಲ. ಹೊರಗಿನ ದಡದಲ್ಲೂ ನೀರಂಚಿಗೆ ಕೂರಬೇಡಿ. ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಹೊಳೆ ಏರುತ್ತದೆ. ಕಿಂಡಿಗೆ ಕಣ್ಣಿಟ್ಟವರಿಗೆ ಅದು ತಿಳಿಯುವುದು ಚಪ್ಪಲಿ ಒದ್ದೆಯಾದಾಗ. ಬಂಡೆಯಿಂದ ಬಂಡೆಗೆ ಜಿಗಿದು ಹೊಳೆಯೊಳಗೆ ಹೋಗುವ ಚಟ ಬೇಡವೇ ಬೇಡ.

ಮನೆಗೆ ಬಂದ ಮೇಲೆ

ಕ್ಯಾಮೆರಾದ ಪುಟ್ಟ ಪರದೆ ಸುಳ್ಳು ಹೇಳುತ್ತದೆ, ಅದರಲ್ಲಿ ನೋಡಿ ಅಳಿಸಬೇಡಿ. ದೊಡ್ಡ ಪರದೆಯಲ್ಲಿ ಹಕ್ಕಿಯ ಕಣ್ಣನ್ನು ಹಿಗ್ಗಿಸಿ ನೋಡಿ; ಕಣ್ಣು ಚೂಪಾಗಿದ್ದದ್ದು ಉಳಿಯಲಿ, ಮಿಕ್ಕದ್ದು ಹೋಗಲಿ. ನೂರರಲ್ಲಿ ನಾಲ್ಕು ಉಳಿದರೆ ಒಳ್ಳೆಯ ಬೆಳಗು. ದಿನಾಂಕ, ಜಾಗ ಬರೆದಿಡಿ. ನೋಡಿದ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇಬರ್ಡ್‌ನಲ್ಲಿ ಪಟ್ಟಿ ಹಾಕಿದರೆ ನಿಮ್ಮ ಚಿತ್ರ ಯಾವ ಹಕ್ಕಿಯದೆಂದು ತಿದ್ದುವವರೂ ಸಿಗುತ್ತಾರೆ.

ಆ ಮಿಂಚುಳ್ಳಿಯ ಚಿತ್ರದ ಪ್ರಿಂಟ್ ಹಾಕಿಸಿ ಮುಂದಿನ ಭಾನುವಾರ ಹರಿಗೋಲಿನ ಯಜಮಾನರಿಗೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು.

‘ಹಕ್ಕಿ ಚೆಂದಾಗದೆ. ಹೊಳೆ ಎಲ್ಲಿ? ನನ್ ಹರಿಗೋಲು ಎಲ್ಲಿ?’

ಅಂದಿನಿಂದ ಏಳುವ ಮುಂಚೆ ಜೂಮ್ ಪೂರ್ತಿ ಹಿಂದಕ್ಕೆ ತಂದು ಇನ್ನೊಂದು ತೆಗೆಯುತ್ತೇನೆ: ಗಳ, ಹೊಳೆ, ಆಚೆ ದಡದ ಮರ, ಬೋರಲು ಹಾಕಿದ ಹರಿಗೋಲು. ಹಕ್ಕಿ ಅದರಲ್ಲಿ ಸಾಸಿವೆಯಷ್ಟು ಇರುತ್ತದೆ. ಅವರು ಬೆರಳಿಟ್ಟು ತೋರಿಸುತ್ತಾರೆ.