ಗೂಸ್‌ನೆಕ್ ಟ್ರೇಲರ್ ತಗೊಳ್ಳುವ ಮುಂಚೆ ಸ್ಟಿಕ್ಕರ್ ಓದಿ

ಅಮೆರಿಕದಲ್ಲಿ ಪಿಕಪ್ಪಿನ ಹಿಂದಿನ ತೊಟ್ಟಿಯೊಳಗೆ ಕೊಂಡಿ ಹಾಕಿ ಎಳೆಯುವ ಗೂಸ್‌ನೆಕ್ ಟ್ರೇಲರ್ ಹುಡುಕುತ್ತಿರುವವರು ಉದ್ದ, ಬಣ್ಣ ಆಮೇಲೆ ನೋಡಿ, ಮೊದಲು ಜಿವಿಡಬ್ಲ್ಯೂಆರ್ (ತುಂಬಿದ ಟ್ರೇಲರ್ ಮೀರಬಾರದ ಒಟ್ಟು ತೂಕ) ಸ್ಟಿಕ್ಕರ್ ಓದಿ. ಆ ಲೆಕ್ಕದಲ್ಲಿ ಟ್ರೇಲರ್‌ನ ಸ್ವಂತ ತೂಕವೂ ಸೇರಿದೆ. 14,000 ಪೌಂಡ್ ಅಂತಿದ್ದು ಖಾಲಿ ಟ್ರೇಲರೇ 5,000 ತೂಗಿದರೆ, ನೀವು ಹೇರಬಹುದಾದದ್ದು 9,000 ಮಾತ್ರ. ಸ್ಕಿಡ್ ಸ್ಟೀರ್ (ಮಣ್ಣು ಎತ್ತುವ ಚಿಕ್ಕ ಲೋಡರ್ ಯಂತ್ರ) ಜೊತೆ ಬಕೆಟ್ಟು, ಚೈನು ಸೇರಿದರೆ ಅಷ್ಟೂ ಬೇಗ ತುಂಬಿಬಿಡುತ್ತದೆ, ಅಲ್ವಾ? ಜೊತೆಗೆ ತುಂಬಿದ ಟ್ರೇಲರ್‌ನ ಭಾರದಲ್ಲಿ ಸುಮಾರು ಶೇ. 20–25 ಪಿಕಪ್ ಮೇಲೆಯೇ ಕೂರುತ್ತದೆ, ಹಾಗಾಗಿ ಎಳೆಯುವ ಶಕ್ತಿ ಇದೆ ಅಂದರೆ ಸಾಲದು, ಡ್ರೈವರ್ ಬಾಗಿಲ ಪಕ್ಕ ಅಂಟಿಸಿರುವ ಪೇಲೋಡ್ (ಪಿಕಪ್ ತನ್ನ ಮೇಲೆ ಹೊರಬಹುದಾದ ಭಾರ) ಅಂಕಿಯನ್ನೂ ನೋಡಲೇಬೇಕು. ತಗ್ಗಾದ ಕಾರು ಹತ್ತಿಸುವುದಿದ್ದರೆ ಹಿಂಭಾಗ ಕೆಳಕ್ಕೆ ಇಳಿಜಾರಾಗಿರುವ ಡವ್‌ಟೇಲ್, ಉದ್ದನೆಯ ರ‍್ಯಾಂಪ್ ಇರುವುದನ್ನೇ ತಗೊಳ್ಳಿ, ಇಲ್ಲದಿದ್ದರೆ ಬಂಪರ್ ಉಜ್ಜುತ್ತದೆ. ಟ್ರೇಲರ್ ರೇಟಿಂಗ್ 10,000 ಪೌಂಡ್ ಮೀರಿ, ಟ್ರಕ್ಕೂ ಸೇರಿ ಒಟ್ಟು 26,001 ಮುಟ್ಟಿದರೆ, ವ್ಯಾಪಾರಕ್ಕೆ ಓಡಿಸುವವರಿಗೆ ಸಿಡಿಎಲ್ (ವಾಣಿಜ್ಯ ಚಾಲನಾ ಪರವಾನಗಿ) ಬೇಕು.